ತಪ್ಪಿ ಬಿದ್ದ ಬೆಲೆ

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಈಗ ಬೆಲೆಯನ್ನು ಬಾಯಿಂದ ಕೂಗುವುದಿಲ್ಲ. ಶೆಟ್ಟಿಕೆರೆಯಿಂದಲೋ ತುರುವೇಕೆರೆಯಿಂದಲೋ ಬಂದ ಉಂಡೆ ಕೊಬ್ಬರಿಯ ಚೀಲಗಳು ಮಂಡಿಯ ಅಂಗಳದಲ್ಲಿ ಲಾಟುಗಳಾಗಿ ಕುಳಿತಿರುತ್ತವೆ. ವರ್ತಕರು ಬಂದು ಗಿಟುಕನ್ನು ಕೈಯಲ್ಲಿ ತೂಗಿ ನೋಡಿ, ಒಂದೆರಡನ್ನು ಒಡೆದು ಒಳಗಿನ ಬಿಳುಪನ್ನು ಪರೀಕ್ಷಿಸಿ, ಅನಂತರ ತಮ್ಮ ಬೆಲೆಯನ್ನು ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಟೆಂಡರಿನ ವೇಳೆ ಮುಗಿದ ಮೇಲೆ ಯಾವ ಲಾಟಿಗೆ ಯಾರ ಬೆಲೆ ಹೆಚ್ಚೆಂಬುದು ಹೊರಬೀಳುತ್ತದೆ. ರೈತನಿಗೆ ಒಪ್ಪಿಗೆಯಾದರೆ ಮಾರಾಟ. ಇಲ್ಲವಾದರೆ ಚೀಲಗಳು ಇದ್ದಲ್ಲಿಯೇ ಉಳಿಯುತ್ತವೆ. ಹತ್ತು ಹನ್ನೆರಡು ತಿಂಗಳ ಕಾಲ ಅಟ್ಟದ ಮೇಲೆ ಒಣಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡನೆ ಸದ್ದುಮಾಡುವ ಕಾಯಿಯ ಭಾಗ್ಯವು ಹೀಗೆ ಐದು ಅಂಕಿಗಳಿಂದ ಒಂದು ಕ್ಷಣದಲ್ಲಿ ತೀರ್ಮಾನವಾಗಿಬಿಡುತ್ತದೆ.

ಆ ಐದು ಅಂಕಿಗಳಲ್ಲಿ ಒಂದು ತಪ್ಪಾಗಿ ಬಿದ್ದರೆ ಏನಾಗಬೇಕು?

ಕ್ವಿಂಟಾಲಿಗೆ 15,200 ರೂಪಾಯಿ ಎಂದು ಒತ್ತಬೇಕಾದ ವರ್ತಕನು ಅವಸರದಲ್ಲಿ 1,52,000 ಎಂದು ಒತ್ತಿದನೆಂದು ಇಟ್ಟುಕೊಳ್ಳೋಣ. ಇದರಲ್ಲಿ ಜಗಳಕ್ಕೆ ಅವಕಾಶವಿಲ್ಲ. ರೈತನೇ ನಕ್ಕು, "ಸ್ವಾಮಿ, ಒಂದು ಸೊನ್ನೆ ಜಾಸ್ತಿಯಾಗಿದೆ ನೋಡಿ" ಎನ್ನುವನು. ಆದರೆ ಅದೇ ವರ್ತಕನ ಬೆರಳು ಜಾರಿ 25,200 ಎಂದು ಬಿದ್ದಿದ್ದರೆ? ಐದು ಕ್ವಿಂಟಾಲಿನ ಲಾಟಿಗೆ ಐವತ್ತು ಸಾವಿರ ರೂಪಾಯಿಗಳ ಅಂತರ. ಇಲ್ಲಿ ನಗುವುದು ಸುಲಭವಲ್ಲ. ಏಕೆಂದರೆ ಕೊಬ್ಬರಿಯ ಬೆಲೆಯೇ ಅಂಥ ಚಂಚಲೆ. 2023ರಲ್ಲಿ ಸರ್ಕಾರದ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ಪೇಟೆಯ ಧಾರಣೆಯು ಒಂಬತ್ತು ಸಾವಿರಕ್ಕಿಂತಲೂ ಕೆಳಗಿಳಿದು ಬೆಳೆಗಾರರು ಬೀದಿಗಿಳಿಯುವಂತಾಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100; ಪೇಟೆಯ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿ ಮುಂದೆ ನಡೆದಿತ್ತು. ಎರಡೇ ವರ್ಷಗಳಲ್ಲಿ ಇಷ್ಟು ಏರಿಳಿತವನ್ನು ಕಂಡ ರೈತನು 25,200 ಎಂಬ ಅಂಕಿಯನ್ನು ಕಂಡು, ಉತ್ತರದೇಶದಲ್ಲಿ ಹಬ್ಬದ ಬೇಡಿಕೆ ಬಂದಿರಬೇಕೆಂದು ನಂಬಿ ಒಪ್ಪಿಗೆ ಕೊಟ್ಟರೆ ಅವನನ್ನು ಲೋಭಿಯೆಂದು ಹೇಗೆ ಕರೆಯುವುದು? ಅಂಥವನಿಗೆ ಮರುದಿನ, "ನಿನ್ನೆಯ ಬೆಲೆ ಬೆಲೆಯಲ್ಲ" ಎಂದು ಹೇಳಿದರೆ ಅದು ನ್ಯಾಯವಾದೀತೇ?

ಈ ಸಮಸ್ಯೆಯೇ ಈಗ ದೊಡ್ಡ ರೂಪದಲ್ಲಿ ಆಕಾಶಕ್ಕೇರಿದೆ. ವಿಮಾನ ಕಂಪೆನಿಗಳು ತಮ್ಮ ಟಿಕೆಟ್ಟಿನ ದರವನ್ನು ತಪ್ಪಾಗಿ ಪ್ರಕಟಿಸಿ, ಜನರಿಂದ ಹಣ ಪಡೆದು, ಚೀಟಿಯನ್ನೂ ಕಳುಹಿಸಿ, ಎರಡು ಮೂರು ದಿನಗಳಾದ ಮೇಲೆ ರದ್ದುಮಾಡುವ ಪ್ರಸಂಗಗಳು ಮತ್ತೆ ಮತ್ತೆ ನಡೆಯುತ್ತಿವೆ. ವಿಮಾನದ ದರವು ಮೇಲುನೋಟಕ್ಕೆ ಒಂದೇ ಸಂಖ್ಯೆಯಾಗಿ ಕಂಡರೂ ಅದು ಹಲವು ತುಂಡುಗಳನ್ನು ಹೊಲಿದು ಮಾಡಿದ ಕೌದಿ. ಮೂಲ ದರ ಒಂದು, ಇಂಧನದ ಹೆಚ್ಚುವರಿ ಮತ್ತೊಂದು, ನಿಲ್ದಾಣದ ಶುಲ್ಕ ಬೇರೆ, ಆಯಾ ದೇಶದ ತೆರಿಗೆ ಬೇರೆ. ಇವೆಲ್ಲವೂ ಒಂದು ನಾಣ್ಯದಿಂದ ಇನ್ನೊಂದು ನಾಣ್ಯಕ್ಕೆ ಬದಲಾಗಬೇಕು. ಒಂದೇ ವಿಮಾನದಲ್ಲಿ ಹತ್ತಾರು ದರವರ್ಗಗಳಿರುತ್ತವೆ. ದಿನಕ್ಕೆ ಹಲವು ಬಾರಿ ಇವನ್ನು ತಿದ್ದಿ ಲೋಕದ ಎಲ್ಲ ಟಿಕೆಟ್ ಏಜೆಂಟರ ಯಂತ್ರಗಳಿಗೂ ರವಾನಿಸಬೇಕು. ಎಲ್ಲಿಯೋ ಇಂಧನದ ತುಂಡು ಬಿಟ್ಟುಹೋಗುತ್ತದೆ. ಎಲ್ಲಿಯೋ ಮೇಲ್ದರ್ಜೆಯ ಆಸನಕ್ಕೆ ಸಾಮಾನ್ಯ ದರ್ಜೆಯ ದರ ಅಂಟಿಕೊಳ್ಳುತ್ತದೆ. ಎಲ್ಲಿಯೋ ನಾಣ್ಯದ ಲೆಕ್ಕ ಕೆಡುತ್ತದೆ.

2009ರಲ್ಲಿ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯು ಅಮೆರಿಕೆಯಿಂದ ಭಾರತಕ್ಕೆ ಕೇವಲ 40 ಡಾಲರ್ ಮೂಲ ದರವನ್ನು ಕೆಲಹೊತ್ತು ಪ್ರಕಟಿಸಿ, ಬಳಿಕ ಆ ಟಿಕೆಟ್ಟುಗಳನ್ನು ರದ್ದುಮಾಡಿತು. ಇದಕ್ಕೆ ವ್ಯತಿರಿಕ್ತವಾಗಿ, 2014ರ ಕೊನೆಯಲ್ಲಿ ಆಸ್ಟ್ರೇಲಿಯದಿಂದ ಯೂರೋಪಿಗೆ ಮೇಲ್ದರ್ಜೆಯ ಆಸನಗಳನ್ನು ಸಾಮಾನ್ಯ ದರಕ್ಕೆ ಮಾರಿದ ಸಿಂಗಪುರ್ ಏರ್‌ಲೈನ್ಸ್, ಮೊದಲು ಗೊಣಗಿದರೂ ಕಡೆಗೆ ಆ ಚೀಟಿಗಳನ್ನು ಮನ್ನಿಸಿತು. 2019ರ ಹೊಸವರ್ಷದ ದಿನ ಹಾಂಗ್‌ಕಾಂಗಿನ ಕೆಥೆ ಪೆಸಿಫಿಕ್ ಸಂಸ್ಥೆಯು ವಿಯೆಟ್ನಾಮಿನಿಂದ ಅಮೆರಿಕೆಗೆ ಹೋಗಿಬರುವ ಮೇಲ್ದರ್ಜೆಯ ಟಿಕೆಟ್ಟುಗಳನ್ನು ಸಾವಿರ ಡಾಲರಿಗೂ ಕಡಮೆ ಬೆಲೆಗೆ ಮಾರಿ, ತಪ್ಪು ತನ್ನದೆಂದು ಒಪ್ಪಿ, ಕೊಂಡವರನ್ನೆಲ್ಲ ಕರೆದೊಯ್ಯುವುದಾಗಿ ಸಾರಿತು. ಒಂದೇ ಬಗೆಯ ತಪ್ಪು. ಒಬ್ಬರದು ಒಂದು ಧರ್ಮ, ಇನ್ನೊಬ್ಬರದು ಇನ್ನೊಂದು.

ಮೇಲ್ದರ್ಜೆಯ ಆಸನದಲ್ಲಿ ಕಾಲು ಚಾಚಿ ಹೋಗುವವರ ಕಷ್ಟಕ್ಕೆ ಮರುಗಬೇಕಾದ ಅಗತ್ಯ ಯಾರಿಗೂ ಇಲ್ಲ. ಆದರೆ ಟಿಕೆಟ್ಟು ಕೊಳ್ಳುವವರೆಲ್ಲರೂ ಅಂಥವರಲ್ಲ. ಶೆಟ್ಟಿಕೆರೆ ಹೋಬಳಿಯಲ್ಲಿ ಇಂದು ಹೊರದೇಶದಲ್ಲಿ ಮಕ್ಕಳಿರುವ ತೋಟದ ಮನೆಗಳಿವೆ. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳು ಅಮೆರಿಕೆಯಲ್ಲಿ ಚೊಚ್ಚಲ ಬಾಣಂತನಕ್ಕೆ ಸಿದ್ಧಳಾಗಿದ್ದಾಳೆ. ತಾಯಿ ಹೋಗಬೇಕು, ಒಬ್ಬಳೇ ಹೋಗಲಾರಳೆಂದು ತಂದೆಯೂ ಹೊರಟಿದ್ದಾನೆ. ಅಟ್ಟದ ಕೊಬ್ಬರಿಯನ್ನು ಇನ್ನೂ ಎರಡು ತಿಂಗಳು ಇಡಬೇಕೆಂದಿದ್ದವನು ಧಾರಣೆ ನೋಡದೆ ಇಳಿಸಿ ಮಾರಿದ್ದಾನೆ. ವೀಸಾದ ಶುಲ್ಕ ಕಟ್ಟಿದ್ದಾಯಿತು. ತೋಟಕ್ಕೆ ನೀರು ಹಾಯಿಸಲು ಆಳನ್ನು ಗೊತ್ತುಮಾಡಿದ್ದಾಯಿತು. ದನವನ್ನು ಭಾವಮೈದುನನ ಮನೆಗೆ ಹೊಡೆದದ್ದಾಯಿತು. ಆಗ ದೂರವಾಣಿ ಬರುತ್ತದೆ.

"ಅಪ್ಪಾ, ಟಿಕೆಟ್ ಕ್ಯಾನ್ಸಲ್ ಆಗಿದೆಯಂತೆ."

"ಯಾಕಮ್ಮಾ? ದುಡ್ಡು ಕಟ್ಟಿದ್ದೀವಲ್ಲ."

"ರೇಟು ತಪ್ಪಾಗಿ ಹಾಕಿದ್ರಂತೆ. ದುಡ್ಡು ವಾಪಸ್ ಕೊಡ್ತಾರಂತೆ."

"ದುಡ್ಡು ವಾಪಸ್ ಬಂದ್ರೆ ಆಯ್ತೇನು? ನಿಮ್ಮವ್ವ ಚಕ್ಕುಲಿ ಕೋಡುಬಳೆ ಎಲ್ಲ ಕಟ್ಟಿಟ್ಟವಳೆ."

ಈ ಕಡೆಯ ಮಾತಿನಲ್ಲಿಯೇ ವಿವಾದದ ತಿರುಳಿದೆ. ಹಣವನ್ನು ಹಿಂತಿರುಗಿಸಿದರೆ ಲೆಕ್ಕ ಸರಿಹೋಯಿತೆಂದು ಕಂಪೆನಿ ಭಾವಿಸುತ್ತದೆ. ಆದರೆ ಅಷ್ಟರಲ್ಲಿ ಬೇರೆ ಕಂಪೆನಿಗಳ ದರ ಏರಿರುತ್ತದೆ. ಹೆರಿಗೆಯ ದಿನವೋ ಯಾರ ಮುಲಾಜಿಗೂ ಕಾಯುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? 1872ರ ಭಾರತೀಯ ಕರಾರು ಕಾಯಿದೆ ಈ ವಿಷಯದಲ್ಲಿ ಮೊದಲ ನೋಟಕ್ಕೆ ಕಠಿಣವಾಗಿಯೇ ಇದೆ. ಇಬ್ಬರೂ ಮುಖ್ಯ ಸಂಗತಿಯೊಂದರಲ್ಲಿ ತಪ್ಪು ತಿಳಿದಿದ್ದರೆ ಕರಾರು ಶೂನ್ಯವೆಂದು 20ನೆಯ ಕಲಮು ಹೇಳುತ್ತದೆ. ಒಬ್ಬನು ಮಾತ್ರ ತಪ್ಪು ತಿಳಿದಿದ್ದರೆ ಅಷ್ಟರಿಂದಲೇ ಕರಾರು ಮುರಿಯುವಂತಿಲ್ಲವೆಂದು 22ನೆಯ ಕಲಮು ಹೇಳುತ್ತದೆ. ಇದಕ್ಕೆ ಸೊಗಸಾದ ನಿದರ್ಶನವೊಂದು ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ 1892ರಲ್ಲಿ ದೊರೆಯಿತು. ಅದೂ ಯಾತ್ರಿಕರ ಪ್ರಯಾಣದ ಪ್ರಶ್ನೆಯೇ. ಹಜ್ ಮುಗಿಸಿದ ಯಾತ್ರಿಕರನ್ನು ಜಿಡ್ಡಾದಿಂದ ಕರೆತರಲು ಒಬ್ಬ ವ್ಯಾಪಾರಿಯು ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯಿಂದ ಹಡಗೊಂದನ್ನು ಗೊತ್ತುಮಾಡಿದ. ಹಜ್ ಆದ ಹದಿನೈದನೆಯ ದಿನ ಹಡಗು ಹೊರಡಬೇಕೆಂಬುದು ಅವನ ಇಚ್ಛೆ. ಅದು ಆಗಸ್ಟ್ 10ಕ್ಕೆ ಬೀಳುವುದೆಂದು ಎಣಿಸಿ ಆ ತಾರೀಖನ್ನು ಬರೆಯಿಸಿದ. ನಿಜವಾಗಿ ಅದು ಬೀಳುತ್ತಿದ್ದುದು ಜುಲೈ 19ಕ್ಕೆ. ತಾರೀಖನ್ನು ತಿದ್ದಿಕೊಡಿರೆಂದು ಅವನು ಬೇಡಿದಾಗ ನ್ಯಾಯಾಲಯ ಒಪ್ಪಲಿಲ್ಲ. ತಪ್ಪು ಎಣಿಸಿದವನು ಅವನೊಬ್ಬನೇ. ಕಂಪೆನಿ ನೋಡಿದ್ದು ಇಂಗ್ಲಿಷ್ ತಾರೀಖನ್ನು ಮಾತ್ರ. ಆದುದರಿಂದ ಬರೆದದ್ದೇ ಬರೆದದ್ದು.

ಪ್ರಯಾಣಿಕನ ಕಡೆಯವನು ತಪ್ಪಿದಾಗ ನಾವೆಯ ಕಂಪೆನಿಯು ಈ ನಿಯಮದ ನೆರಳಿನಲ್ಲಿ ನೆಮ್ಮದಿಯಾಗಿ ನಿಂತಿತು. ಇಂದು ಕಂಪೆನಿ ತಪ್ಪಿದಾಗ ಅದೇ ನೆರಳು ಪ್ರಯಾಣಿಕನಿಗೂ ದೊರೆಯಬೇಡವೇ ಎಂದರೆ, ಅಲ್ಲೊಂದು ತಿರುವಿದೆ. ಎದುರಿನವನು ತಪ್ಪಿದ್ದಾನೆಂದು ಬಲ್ಲವನು ಅದನ್ನು ಬಾಚಿಕೊಳ್ಳುವಂತಿಲ್ಲ. 1939ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಅರ್ಜೆಂಟೀನದ ಮೂವತ್ತು ಸಾವಿರ ಮೊಲದ ಚರ್ಮಗಳ ವ್ಯಾಜ್ಯ ಬಂದಿತು. ಆ ವ್ಯಾಪಾರದಲ್ಲಿ ಒಂದೊಂದು ಚರ್ಮಕ್ಕೆ ಇಷ್ಟೆಂದು ಬೆಲೆ ಹೇಳುವುದು ರೂಢಿ. ಮಾರುವವನು ಕೈತಪ್ಪಿ ಪೌಂಡು ತೂಕಕ್ಕೆ ಇಷ್ಟೆಂದು ಬರೆದುಬಿಟ್ಟ. ಒಂದು ಪೌಂಡಿಗೆ ಸುಮಾರು ಮೂರು ಚರ್ಮಗಳು. ಕೊಳ್ಳುವವನು ಅದೇ ವ್ಯಾಪಾರದಲ್ಲಿ ನುರಿತವನು. ಇದು ತಪ್ಪೆಂದು ಅವನಿಗೆ ಹೊಳೆಯದಿರಲು ಸಾಧ್ಯವಿಲ್ಲವೆಂದು ತೀರ್ಪಾಗಿ ಮಾರುವವನು ಪಾರಾದ. ಕಾಯನ್ನು ಸಾವಿರದ ಲೆಕ್ಕದಲ್ಲಿಯೂ ಕಿಲೋ ಲೆಕ್ಕದಲ್ಲಿಯೂ ಮಾರಿ ಬಲ್ಲ ತಿಪಟೂರು ಸೀಮೆಯವರಿಗೆ ಈ ಮೊಕದ್ದಮೆಯನ್ನು ವಿವರಿಸುವ ಅಗತ್ಯವೇ ಇಲ್ಲ.

ಸಿಂಗಪುರದ ಪ್ರಕರಣ ಇನ್ನೂ ಸ್ಪಷ್ಟ. 2003ರ ಜನವರಿಯಲ್ಲಿ 3,854 ಡಾಲರಿನ ಮುದ್ರಣಯಂತ್ರವೊಂದು ಅಂತರ್ಜಾಲದ ಅಂಗಡಿಯಲ್ಲಿ 66 ಡಾಲರೆಂದು ಕಾಣಿಸಿಕೊಂಡಿತು. ಆರು ಮಂದಿ ಗೆಳೆಯರು ನಡುರಾತ್ರಿಯಲ್ಲಿ ಒಬ್ಬರನ್ನೊಬ್ಬರು ಎಬ್ಬಿಸಿ ತಿಳಿಸಿ 1,606 ಯಂತ್ರಗಳಿಗೆ ಬೇಡಿಕೆ ಸಲ್ಲಿಸಿದರು. ಮನೆಯಲ್ಲಿ ಒಂದು ಕಾಗದ ಮುದ್ರಿಸಲು ಯಾರಿಗೂ ಇನ್ನೂರು ಯಂತ್ರಗಳು ಬೇಕಾಗಲಾರವು. ಅವರು ತಪ್ಪನ್ನು ಬಲ್ಲರೆಂದು 2004ರಲ್ಲಿ ಉಚ್ಚ ನ್ಯಾಯಾಲಯವೂ 2005ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ತೀರ್ಮಾನಿಸಿ ಅವರ ವಾದವನ್ನು ತಳ್ಳಿಹಾಕಿದವು. 2015ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನಾಣ್ಯದ ಲೆಕ್ಕ ಕೆಟ್ಟು, ಡೆನ್ಮಾರ್ಕಿನ ಕ್ರೋನರ್ ಲೆಕ್ಕದಲ್ಲಿ ಲಂಡನ್ನಿನಿಂದ ಅಮೆರಿಕೆಗೆ ಮೊದಲ ದರ್ಜೆಯ ಟಿಕೆಟ್ಟು ನೂರು ಡಾಲರಿಗೂ ಕಡಮೆಗೆ ಸಿಕ್ಕಾಗಲೂ ಹೀಗೆಯೇ. ಅದನ್ನು ಪಡೆಯಬೇಕಾದರೆ ತಾನು ಡೆನ್ಮಾರ್ಕಿನಿಂದ ಹಣ ಕಟ್ಟುತ್ತಿರುವೆನೆಂದು ಹೇಳಿಕೊಳ್ಳಬೇಕಾಗಿತ್ತು. ಸುಳ್ಳು ವಿಳಾಸ ಬರೆದವರ ಪರವಾಗಿ ಅಮೆರಿಕೆಯ ಸಾರಿಗೆ ಇಲಾಖೆ ನಿಲ್ಲಲಿಲ್ಲ.

ಹೀಗಿರುವಲ್ಲಿ ಎಲ್ಲವೂ "ಕೊಳ್ಳುವವನಿಗೆ ತಪ್ಪು ತಿಳಿದಿತ್ತೇ?" ಎಂಬ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಆದರೆ ವಿಮಾನದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕೊಬ್ಬರಿಗಿಂತ ಕಷ್ಟ. ಅದಕ್ಕೆ ಕಾರಣರು ವಿಮಾನ ಕಂಪೆನಿಗಳವರೇ. ಕರ್ನಾಟಕಕ್ಕಂತೂ ಇದು ಮನೆಯ ಕಥೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯವನ್ನು ಬಿಟ್ಟು ಬಂದು, ಹೇಮಾವತಿಯ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಜಾವಗಲ್ಲಿನ ಬೆಂಗಾಡಿನಲ್ಲಿ ತೆಂಗು ನೆಟ್ಟು ಬೇಸಾಯ ಮಾಡಿದವರು. 2003ರಲ್ಲಿ ಅವರು ಬೆಂಗಳೂರಿನಿಂದ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದರು. ಆ ಸಂಸ್ಥೆ ಒಂದು ರೂಪಾಯಿಗೆ ವಿಮಾನದ ಟಿಕೆಟ್ಟನ್ನು ಮಾರಿತು! ಅದು ಮುದ್ರಣದೋಷವಲ್ಲ, ಒಂದು ವಿಮಾನದಲ್ಲಿ ಕೆಲವೇ ಆಸನಗಳಿಗೆ, ಮೊದಲು ಬಂದವರಿಗೆ, ತೆರಿಗೆ ಶುಲ್ಕ ಪ್ರತ್ಯೇಕವಾಗಿ, ನಿಜವಾಗಿ ಕೊಟ್ಟ ದರ. ಬಸ್ಸನ್ನು ಬಿಟ್ಟು ಬೇರೆ ಗೊತ್ತಿಲ್ಲದವರು ವಿಮಾನದ ಮೆಟ್ಟಿಲು ಹತ್ತಿದ್ದು ಆ ಕಾಲದಲ್ಲಿ. 2008ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರಿನಲ್ಲಿ ಲೀನವಾಯಿತಾದರೂ, ನಂಬಲಾಗದಷ್ಟು ಅಗ್ಗದ ದರವು ನಿಜವಾಗಿರಬಹುದೆಂಬ ನಂಬಿಕೆ ಜನಮನದಲ್ಲಿ ಉಳಿಯಿತು. ಅನಂತರ ಬಂದ ಕಂಪೆನಿಗಳೂ ಹಬ್ಬಕ್ಕೊಂದು ಹುಣ್ಣಿಮೆಗೊಂದು ಮಾರಾಟ ನಡೆಸಿ ಆ ನಂಬಿಕೆಗೆ ನೀರೆರೆದಿವೆ. ಒಂದು ರೂಪಾಯಿಯ ದರವನ್ನು ಜಾಹೀರಾತು ಮಾಡಿ ಜನರನ್ನು ಕರೆದ ವ್ಯಾಪಾರವು, ಎಂಟು ಸಾವಿರದ ದರವನ್ನು ನಂಬಿದ ಗೃಹಸ್ಥನಿಗೆ, "ಇದು ತಪ್ಪೆಂದು ನಿನಗೆ ತಿಳಿಯಬೇಕಾಗಿತ್ತು" ಎಂದು ಹೇಳುವ ಅಧಿಕಾರವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ತನ್ನ ಕುಟುಂಬಕ್ಕೆ ಬೇಕಾದ ಎರಡು ಟಿಕೆಟ್ಟುಗಳನ್ನು ತನ್ನ ಹೆಸರಿನಲ್ಲಿ ತನ್ನ ನಿಜವಾದ ವಿಳಾಸ ಕೊಟ್ಟು ಕೊಂಡವನ ಚೀಟಿಯನ್ನು ಮನ್ನಿಸತಕ್ಕದ್ದೇ ಸರಿ. ನಲವತ್ತು ಟಿಕೆಟ್ಟು ಕೊಂಡು ನೆಂಟರಿಗೆಲ್ಲ ಹಂಚಿದವನ ಮಾತು ಬೇರೆ.

ಇಲ್ಲಿ ಇನ್ನೊಂದು ಸಂಗತಿಯಿದೆ. ಜನರ ಸಿಟ್ಟಿನ ನಿಜವಾದ ಮೂಲ ಬಹುಶಃ ಅದೇ. ಪ್ರಯಾಣಿಕನು ತಪ್ಪಿದಾಗ ಕಂಪೆನಿ ಎಂದಾದರೂ ಇಷ್ಟು ಉದಾರವಾಗಿ, "ಪಾಪ, ಕೈತಪ್ಪಿತು" ಎಂದಿದೆಯೇ? ತೆಂಗಿನ ಸೀಮೆಯ ಹೆಸರುಗಳನ್ನೇ ನೋಡಬಹುದು. ಮೊದಲು ಊರಿನ ಅಕ್ಷರ, ಆಮೇಲೆ ತಂದೆಯ ಅಕ್ಷರ, ಕಡೆಗೆ ಸ್ವಂತ ಹೆಸರು. ಮನೆತನದ ಹೆಸರೆಂಬುದು ಬಹುಮಂದಿಗೆ ಇಲ್ಲವೇ ಇಲ್ಲ. ಆದರೆ ಟಿಕೆಟ್ಟಿನ ನಮೂನೆಯಲ್ಲಿ ಮನೆತನದ ಹೆಸರಿನ ಅಂಕಣ ತುಂಬದೆ ಮುಂದಕ್ಕೆ ಹೋಗುವಂತಿಲ್ಲ. ಒಬ್ಬರು ಅಲ್ಲಿ ಊರನ್ನು ಬರೆಯುತ್ತಾರೆ, ಒಬ್ಬರು ತಂದೆಯ ಹೆಸರನ್ನು, ಒಬ್ಬರು ತಮ್ಮ ಹೆಸರನ್ನೇ ಎರಡು ಬಾರಿ. ರಹದಾರಿಯಲ್ಲಿ ಒಂದು ಬಗೆ, ಚೀಟಿಯಲ್ಲಿ ಮತ್ತೊಂದು ಬಗೆ. ಒಂಟಿ ಹೆಸರಿನ ರಹದಾರಿಯವರಿಗೆ ಅಮೆರಿಕೆಯ ವೀಸಾದಲ್ಲಿ 'ಮೊದಲ ಹೆಸರು ತಿಳಿಯದು' ಎಂಬುದರ ಮೂರು ಅಕ್ಷರಗಳೇ ಹೆಸರಾಗಿ ಕುಳಿತುಬಿಡುತ್ತವೆ. 2022ರ ನವೆಂಬರಿನಿಂದ ಸಂಯುಕ್ತ ಅರಬ್ ಸಂಸ್ಥಾನಗಳು ಅಂಥವರಿಗೆ ಸಂದರ್ಶಕ ವೀಸಾವನ್ನೇ ನಿರಾಕರಿಸತೊಡಗಿದವು. ವಿಮಾನನಿಲ್ದಾಣದ ಮೇಜಿನ ಬಳಿ ಇದು ಬೆಳಕಿಗೆ ಬಂದಾಗ ಅನೇಕ ವೇಳೆ ತಿದ್ದುಪಡಿಯ ಶುಲ್ಕವೋ ಹೊಸ ಟಿಕೆಟ್ಟೋ ಅನಿವಾರ್ಯವಾಗುತ್ತದೆ. ತಾರೀಖು ತಪ್ಪಿ ಒತ್ತಿದವನಿಗೂ ಅದೇ ಗತಿ. ಪ್ರಯಾಣಿಕನ ಕೈತಪ್ಪಿಗೆ ದಂಡ, ಕಂಪೆನಿಯ ಕೈತಪ್ಪಿಗೆ ಕ್ಷಮೆ ಎಂಬ ಈ ಏರ್ಪಾಡನ್ನು ಯಾವ ತಕ್ಕಡಿಯಲ್ಲಿ ತೂಗಿದರೂ ಸಮವಾಗದು.

ಕಂಪೆನಿಯ ಪರವಾಗಿ ಹೇಳಬೇಕಾದುದನ್ನೂ ಹೇಳಬೇಕು. ದರ ತಿದ್ದುವ ಗುಮಾಸ್ತನು ಎಲ್ಲಿಯೋ ಇರುಳಿನ ಪಾಳಿಯಲ್ಲಿ ಕುಳಿತ ಬಡಪಾಯಿ. ಒಂದು ತಪ್ಪು ಅಂಕಿ ಕಂಡೊಡನೆ ಅದನ್ನು ಊರಿಗೆಲ್ಲ ಸಾರಿ ಸಾವಿರಾರು ಮಂದಿಯನ್ನು ಕೂಡಿಸುವ ಗುಂಪುಗಳು ಈಗ ಲೋಕದಲ್ಲೆಲ್ಲ ಇವೆ. ಅವರಿಗೆ ಎಲ್ಲಿಗೂ ಹೋಗಬೇಕಾಗಿಲ್ಲ, ಅಗ್ಗಕ್ಕೆ ಸಿಕ್ಕಿದ್ದರಿಂದ ಹೋಗುತ್ತಾರೆ. ಅಮೆರಿಕೆಯ ಸಾರಿಗೆ ಇಲಾಖೆಯ ಅನುಭವ ಇದನ್ನೇ ತೋರಿಸುತ್ತದೆ. ಟಿಕೆಟ್ಟು ಮಾರಿದ ಮೇಲೆ ದರ ಏರಿಸಕೂಡದೆಂದು ಅದು 2011ರಲ್ಲಿ ನಿಯಮ ಮಾಡಿತು. ತಪ್ಪು ದರಕ್ಕೂ ಅದು ಅನ್ವಯಿಸುವುದೆಂದು ಹೇಳಿತು. ಬೇಟೆಗಾರರ ಹಾವಳಿ ಹೆಚ್ಚಿದ ಬಳಿಕ, 2015ರ ಮೇ ತಿಂಗಳಲ್ಲಿ ಹಿಡಿತವನ್ನು ಸಡಿಲಿಸಿತು. ದರವು ನಿಜವಾಗಿಯೂ ತಪ್ಪಿನಿಂದ ಬಿದ್ದುದೆಂದು ಕಂಪೆನಿ ತೋರಿಸಬೇಕು, ಹಣವನ್ನೆಲ್ಲ ಹಿಂತಿರುಗಿಸಬೇಕು, ಅಷ್ಟೇ ಅಲ್ಲದೆ ಆ ಟಿಕೆಟ್ಟನ್ನು ನಂಬಿ ಪ್ರಯಾಣಿಕನು ಮಾಡಿದ ಸಮಂಜಸವಾದ ಬೇರೆ ಖರ್ಚುಗಳನ್ನೂ ಕೊಡಬೇಕು. ಹಾಗಾದರೆ ರದ್ದುಮಾಡಿದ್ದಕ್ಕೆ ಇಲಾಖೆ ಕಂಪೆನಿಯ ಮೇಲೆ ಕ್ರಮ ಕೈಗೊಳ್ಳುವುದಿಲ್ಲ. ಈ ಮೂರನೆಯ ಷರತ್ತು ಮೆಚ್ಚತಕ್ಕದ್ದು. ಶೆಟ್ಟಿಕೆರೆಯ ಆ ಕಲ್ಪಿತ ಗೃಹಸ್ಥನಿಗೆ ದುಡ್ಡು ವಾಪಸು ಬಂದರೆ ಸಾಲದು, ನಿಜ. ಆದರೆ ನಂಬಿ ಕಳೆದುಕೊಂಡದ್ದೂ ಜೊತೆಗೆ ಬಂದರೆ, ಅದೂ ಮೂರು ದಿನ ಕಾಯಿಸದೆ ಕೆಲವೇ ಗಂಟೆಗಳಲ್ಲಿ ತಿಳಿಸಿದರೆ, ಅವನು ಬೈದುಕೊಂಡಾದರೂ ಒಪ್ಪಿಯಾನು.

ತಿಪಟೂರಿನ ವರ್ತಕನಿಗೂ ಇದೇ ಅಳತೆ ಸಲ್ಲುತ್ತದೆಯೇ? ಪೂರ್ತಿ ಸಲ್ಲದು. ದೊಡ್ಡ ಕಂಪೆನಿಗೆ ಕೆಲವು ನೂರು ಚೀಟಿಗಳ ನಷ್ಟ ಒಂದು ದಿನದ ಜಾಹೀರಾತಿನ ವೆಚ್ಚ. ಸಣ್ಣ ವರ್ತಕನಿಗೆ ಹತ್ತು ಲಾಟಿನ ತಪ್ಪು ಇಡೀ ವರ್ಷದ ಲಾಭ. 1930ರ ಸರಕು ಮಾರಾಟ ಕಾಯಿದೆಯ 64ನೆಯ ಕಲಮಿನಂತೆ, ಹರಾಜಿನಲ್ಲಿ ಸುತ್ತಿಗೆ ಬೀಳುವವರೆಗೂ ಕೂಗಿದವನು ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದು. ಹಳೆಯ ಹರಾಜಿನಲ್ಲಿ ಬಾಯಿತಪ್ಪಿ ಕೂಗಿದವನಿಗೆ ಆ ಒಂದು ಉಸಿರಿನ ಅವಕಾಶವಿತ್ತು. ಸುತ್ತಲಿನವರ ಮುಖ ನೋಡಿಯೇ ತಪ್ಪು ಅರಿವಾಗುತ್ತಿತ್ತು. ದನದ ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವಾಗಲೂ ಒಂದು ಬೆರಳು ಹೆಚ್ಚಾದರೆ ಎದುರಿನವನು ಹುಬ್ಬೇರಿಸುತ್ತಾನೆ. ಯಂತ್ರಕ್ಕೆ ಹುಬ್ಬಿಲ್ಲ. ಹಿಂದಿನ ದಿನದ ಧಾರಣೆಗಿಂತ ಬಹಳ ದೂರವಾದ ಅಂಕಿ ಬಿದ್ದಾಗ, "ನಿಜವಾಗಿಯೂ ಇಷ್ಟೇ?" ಎಂದು ಮತ್ತೊಮ್ಮೆ ಕೇಳುವಷ್ಟು ಬುದ್ಧಿಯನ್ನು ಯಂತ್ರಕ್ಕೆ ಕಲಿಸುವುದು ಕಷ್ಟವಲ್ಲ. ಕೋಟಿಗಟ್ಟಲೆ ವ್ಯವಹಾರ ನಡೆಸುವ ವಿಮಾನ ಕಂಪೆನಿಗಳು ಅಷ್ಟನ್ನೂ ಮಾಡದೆ ಗಿರಾಕಿಯ ವಿವೇಕವನ್ನು ಪರೀಕ್ಷಿಸಹೊರಡುವುದು ವಿಚಿತ್ರ.

ನಮ್ಮ ದೇಶದ ಗ್ರಾಹಕ ಕಾಯಿದೆಯ ಒಲವು ಯಾವ ಕಡೆಗೆ ಎಂಬುದಕ್ಕೆ ಒಡಿಶಾದ ಒಂದು ಪ್ರಕರಣ ಸಾಕ್ಷಿ. 2014ರಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನು ಅಮೆಜಾನ್ ಸಂಸ್ಥೆಯ ತಾಣದಲ್ಲಿ 23,499 ರೂಪಾಯಿಯ ಲ್ಯಾಪ್‌ಟಾಪನ್ನು 190 ರೂಪಾಯಿಗೆ ಕಂಡು ಕೊಂಡ. ಸುಮಾರು ಎರಡು ಗಂಟೆಗಳಲ್ಲಿ, ಬೆಲೆಯಲ್ಲಿ ದೋಷವಿದೆಯೆಂದು ಅದನ್ನು ರದ್ದುಮಾಡಿದರು. 2021ರ ಜನವರಿಯಲ್ಲಿ ಅಲ್ಲಿನ ರಾಜ್ಯ ಗ್ರಾಹಕ ಆಯೋಗವು ಪರಿಹಾರ, ವ್ಯಾಜ್ಯದ ಖರ್ಚು ಎಲ್ಲ ಸೇರಿ ಅವನಿಗೆ 45,000 ರೂಪಾಯಿ ಕೊಡುವಂತೆ ಆದೇಶಿಸಿತು. 190 ರೂಪಾಯಿಯ ಲ್ಯಾಪ್‌ಟಾಪ್ ನಿಜವೆಂದು ಕಾನೂನು ಓದುವ ಹುಡುಗನು ನಂಬಿದನೆಂಬುದು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ಳುವ ಮಾತೇ. ಸಿಂಗಪುರದ ನ್ಯಾಯಾಧೀಶರಾಗಿದ್ದರೆ ಬೇರೆ ಹೇಳುತ್ತಿದ್ದರೇನೋ. ಆದರೆ ಜಾಹೀರಾತು ಹಾಕಿ, ಒಪ್ಪಿಗೆಯ ಸಂದೇಶ ಕಳುಹಿಸಿ, ಬಳಿಕ ಹಿಂದೆಗೆಯುವ ವ್ಯಾಪಾರಿಯನ್ನು ಆಯೋಗ ಸುಲಭವಾಗಿ ಬಿಡಲಿಲ್ಲ.

2019ರ ಗ್ರಾಹಕ ರಕ್ಷಣಾ ಕಾಯಿದೆಯು, ಸಕಾರಣವಿಲ್ಲದೆ ಏಕಪಕ್ಷೀಯವಾಗಿ ರದ್ದುಮಾಡುವ ಹಕ್ಕನ್ನು ಒಬ್ಬರಿಗೇ ಕೊಡುವ ಕರಾರನ್ನು ಅನ್ಯಾಯದ ಕರಾರುಗಳ ಪಟ್ಟಿಯಲ್ಲಿ ಸೇರಿಸಿದೆ. 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ವ್ಯಾಪಾರಿಯು ತಾನು ರದ್ದುಮಾಡಿದಾಗ ಅಂಥದೇ ದಂಡವನ್ನು ತಾನೂ ತೆರದಿದ್ದರೆ, ಗಿರಾಕಿ ರದ್ದುಮಾಡಿದಾಗ ದಂಡ ಹಾಕಕೂಡದೆಂದಿವೆ. ಈ ಸಮಾನತೆಯನ್ನು ವಿಮಾನದ ಟಿಕೆಟ್ಟಿಗೂ ಅಕ್ಷರಶಃ ನಡೆಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಅದು ಆಗುವವರೆಗೆ, ಹಣ ಸಂದಾಯವಾದ ಚೀಟಿಯನ್ನೂ ರದ್ದಾದ ಸಂದೇಶವನ್ನೂ ನಂಬಿ ಮಾಡಿದ ಖರ್ಚಿನ ರಸೀತಿಗಳನ್ನೂ ಗೃಹಸ್ಥರು ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು. ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಕಟ್ಟಿದ ಮೊಬಲಗು ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಂಪೆನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರನು ವಾಸವಾಗಿರುವ ಜಿಲ್ಲೆಯ ಆಯೋಗಕ್ಕೆ ಅರ್ಜಿ ಕೊಡಬಹುದು. ಎಂದರೆ ಶೆಟ್ಟಿಕೆರೆಯವರು ತುಮಕೂರಿಗೆ ಹೋದರೆ ಸಾಕು.